ಫೀರುನ್ ಹೆಸರಿನ ಅನ್ನ

ಹಿರಿಯರ ಹಬ್ಬದ ಬೆಳಿಗ್ಗೆ, ಅಮೆರಿಕದ ಲಾಂಗ್ ಬೀಚಿನಲ್ಲಿರುವ, ಕಾಂಬೋಡಿಯಾದ ಖ್ಮೇರ್ ಜನರ ವಿಹಾರದಲ್ಲಿ ಸತ್ತವರ ಹೆಸರು ಹೇಳಿ ಭಿಕ್ಷುಗಳ ಪಾತ್ರೆಗೆ ಅನ್ನ ಹಾಕುವ ಸಾಲು ನಿಧಾನವಾಗಿ ಸರಿಯುತ್ತಿತ್ತು. ಸಾಲಿನಲ್ಲಿದ್ದ ಕೋಲಾಪ್ ಎಂಬ ಹೆಂಗಸಿನ ಮುಂದೆ ಒಬ್ಬ ಅಜ್ಜಿಯೂ ಮೊಮ್ಮಗಳೂ ನಿಂತಿದ್ದರು.

“ಅಜ್ಜಿ, ಈ ಸಲ ಫೀರುನ್ ತಾತನ ಹೆಸರು ಹೇಳ್ಬೇಡಿ.”

“ಯಾಕೇ? ಹಸ್ಕೊಂಡೇ ಸತ್ತ ತಮ್ಮ. ಪ್ರತಿ ವರ್ಷ ಅವನಿಗೆ ಒಂದು ಚಮಚ ಜಾಸ್ತೀನೇ ಹಾಕ್ತೀನಿ.”

“ಸತ್ತಿಲ್ಲ ಅಜ್ಜಿ. ಕಾಂಬೋಡಿಯಾದಲ್ಲೇ, ಬಟ್ಟಂಬಾಂಗ್‌ನಲ್ಲಿದಾರೆ. ಹುಡುಕಿಸಿದೆ. ನಿನ್ನೆ ಫೋನಲ್ಲಿ ಮಾತಾಡಿದ್ರು.”

“ಇಲ್ಲಿ ನಿಂತು ತಮಾಷೆ ಮಾಡ್ತೀಯಾ?”

“ಅವರ ಕಿವಿ ಹಿಂದೆ ಸುಟ್ಟ ಗಾಯ ಇದೆ. ತಾಳೆಬೆಲ್ಲದ ಪಾಕ ನೀವೇ ಚೆಲ್ಲಿದ್ರಂತೆ.”

ಅಜ್ಜಿಯ ಕೈಯಿಂದ ಚಮಚ ಬಿತ್ತು. ಕೋಲಾಪ್ ತಮ್ಮ ಚಮಚವನ್ನೇ ಆ ಕೈಗಿಟ್ಟರು.

“ಅದನ್ನ ನಿಮ್ಮಮ್ಮನಿಗೂ ನಾನು ಹೇಳಿಲ್ವಲ್ಲೇ!”

“ಏನು ತಾನೇ ಹೇಳಿದೀರಿ ನೀವು? ಹಸಿವು, ಕೊಲೆಗಳಲ್ಲಿ ಮನೆಯೋರೆಲ್ಲ ಚೆದುರಿಹೋದ ಆ ಕಾಲದ ಮಾತೆತ್ತಿದ್ರೆ ಎದ್ದು ಹೋಗ್ತೀರಿ. ಸಾಲು ಬಿಟ್ಟು ಹೋಗಲ್ಲ ಅಂತ ಇಲ್ಲಿ ಹೇಳ್ದೆ.”

“ಅಯ್ಯೋ, ಬದುಕಿರೋನಿಗೆ ಇಷ್ಟು ವರ್ಷ ಸತ್ತವರ ಅನ್ನ ಇಟ್ಟೆನಲ್ಲೇ!”

“ಅವರೂ ಇಡ್ತಿದ್ರಂತೆ ಅಜ್ಜಿ, ನಿಮ್ಮ ಹೆಸರಲ್ಲಿ.”

ಮುಂದಿನ ಸಾಲು ದೂರ ಸರಿದುಹೋಯಿತು. ಹಿಂದಿದ್ದವರಲ್ಲಿ ಯಾರೂ ‘ನಡೀರಿ’ ಎನ್ನಲಿಲ್ಲ.

“ಅಲ್ಲೀಗ ಹೊತ್ತೆಷ್ಟು?”

“ರಾತ್ರಿ. ಮಲಗಿರ್ತಾರೆ.”

“ಎಬ್ಬಿಸು.”

ಅಜ್ಜಿ ತಮ್ಮ ಅನ್ನದ ಬಟ್ಟಲನ್ನೂ ಚಮಚವನ್ನೂ ಕೋಲಾಪ್ ಅವರ ಕೈಗಿಟ್ಟರು.

“ನಮ್ಮಪ್ಪ ಅಮ್ಮನ ಪಾಲು ನೀವೇ ಹಾಕಿಬಿಡಿ, ಅಕ್ಕ.”

ಅಜ್ಜಿ ಸಾಲು ಬಿಟ್ಟು, ಮೊಮ್ಮಗಳ ತೋಳು ಹಿಡಿದು, ಬಾಗಿಲ ಕಡೆಗೆ ಓಡುವಂತೆ ನಡೆದರು.