ಜಲಜಾಕ್ಷಕ್ಕನ ಎರಡು ಡೇಟಾಬೇಸ್

ಹೋದ ವರ್ಷ ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಮಂಗಳೂರಿನಲ್ಲಿ ಒಂದು ಗಂಭೀರ ಘಟನೆ ನಡೆಯಿತು. ಕುಲಶೇಖರದ ಒಂದು ವಿವಾಹ ಜಾಲತಾಣದ ಕಡತದಲ್ಲಿ ಬದಲಾಯಿಸಬೇಕಾಗಿದ್ದ ಒಂದು ಸಾಲನ್ನು ಬದಲಾಯಿಸಲು ಮರೆತರು. ಯಾವ ಪತ್ರಿಕೆಯೂ ಇದನ್ನು ವರದಿ ಮಾಡಲಿಲ್ಲ. ಮರೆತವನು ನನ್ನ ಚಿಕ್ಕಮ್ಮನ ಮಗ ಸುಜಿತ್ ಆಗಿರದಿದ್ದರೆ ನಾನೂ ಬಾಯಿ ಬಿಡುತ್ತಿರಲಿಲ್ಲ... ಬಾಗಿಲು ಹಾಕಿದ್ದೀರಲ್ಲ? ಸರಿ, ಕೇಳಿ.

ಜಾಲತಾಣ ಜಲಜಾಕ್ಷಕ್ಕನದು. ಸಂಬಂಧ ಕೂಡಿಸುವುದು ಅವರ ಕಸುಬು. ಅವರ ಬಳಿ ಎರಡು ಬಗೆಯ ವಧೂವರರಿದ್ದರು. ಬದುಕಿದವರು ಮತ್ತು ಸತ್ತವರು. ನಮ್ಮಲ್ಲಿ ಮಗುವಾಗಿದ್ದಾಗ ತೀರಿಹೋದವರಿಗೂ ಪ್ರಾಯ ತುಂಬುತ್ತದೆ. ಆಗ ಮನೆಯಲ್ಲಿ ಒಂದಲ್ಲ ಒಂದು ಉಪದ್ರ ಶುರುವಾಗುತ್ತದೆ. ಮಗಳು ಮದುವೆ ಕೇಳುತ್ತಿದ್ದಾಳೆ ಎಂದು ಜೋಯಿಸರು ಹೇಳುತ್ತಾರೆ. ಇನ್ನೊಂದು ಮನೆಯ ಸತ್ತ ಮಗನನ್ನು ಹುಡುಕಿ ಆಟಿಯಲ್ಲಿ ಕುಲೆ ಮದುವೆ, ಅಂದರೆ ಪ್ರೇತಗಳ ಮದುವೆ, ಮಾಡುತ್ತಾರೆ. ಗಂಡು ಬೇಗ ಸಿಗುವುದಿಲ್ಲ. ಅಲ್ಲಿಯೂ ಗಂಡಿನ ಕಡೆಯವರಿಗೆ ಸ್ವಲ್ಪ ಗತ್ತು ಉಂಟು.

“ಜೀವ ಇದ್ದವರನ್ನೂ ಇಲ್ಲದವರನ್ನೂ ಒಂದೇ ಕಡೆ ಇಡ್ಬೇಡ ಮಗಾ,” ಎಂದಿದ್ದರು ಜಲಜಾಕ್ಷಕ್ಕ. ಜಾಲತಾಣ ಕಟ್ಟಿಕೊಡುತ್ತಿದ್ದ ಸುಜಿತ್ ಬದುಕಿದವರನ್ನು ಮೈಎಸ್‌ಕ್ಯೂಎಲ್‌ನಲ್ಲಿ, ಸತ್ತವರನ್ನು ಪೋಸ್ಟ್‌ಗ್ರೆಸ್‌ನಲ್ಲಿ ಇಟ್ಟ. ಎರಡು ಡೇಟಾಬೇಸ್, ಎರಡು ಬೇರೆ ಜಾತಿ. ಆದರೆ ಜಾಲತಾಣ ಬರೆಯುವ ಭಾಷೆ ಪಿಎಚ್‌ಪಿಯಲ್ಲಿ ಒಂದು ಸೌಕರ್ಯ ಉಂಟು. ಎಲ್ಲಿಗೆ ಸಂಪರ್ಕ ಎಂದು ಮೇಲಿನ ಒಂದು ಸಾಲಿನಲ್ಲಿ ಬದಲಾಯಿಸಿದರೆ ಸಾಕು. ಕೆಳಗಿನ ನೂರಾರು ಸಾಲುಗಳಿಗೆ ತಾವು ಯಾರ ಜೊತೆ ಮಾತಾಡುತ್ತಿದ್ದೇವೆ ಎಂಬ ಗೊಡವೆಯೇ ಇಲ್ಲ.

ಬರೆದದ್ದನ್ನು ಪರೀಕ್ಷಿಸುವಾಗ ಈ ಕಂಪ್ಯೂಟರಿನವರೆಲ್ಲ ತಮ್ಮದೇ ಹೆಸರು ಹಾಕುತ್ತಾರೆ. ಸುಜಿತ್ ತನ್ನ ಹೆಸರು, ನಕ್ಷತ್ರ, ಗೋತ್ರದ ಹಾಗಿನ ಬಳಿ ಎಲ್ಲ ತುಂಬಿದ. ಕೂಡಲೇ ಒಂದು ಹೆಣ್ಣು ಹೊಂದಿಕೆಯಾಯಿತು. ಸಂಚಿತಾ, ಕೂಳೂರು.

“ಫೋಟೋ ಇಲ್ವಲ್ಲ ಮಾರಾಯ,” ಎಂದ ಪಕ್ಕದ ಕುರ್ಚಿಯ ಶುಕೂರ್.

“ನಾಚಿಕೆಯವಳು ಇರಬಹುದು.”

“ನಿನ್ನದನ್ನು ನೋಡಿಯೂ ಒಪ್ಪಿದ್ರೆ ಧೈರ್ಯದವಳು. ಒತ್ತು, ಒತ್ತು.”

ಸುಜಿತ್ ‘ಒಪ್ಪಿಗೆ’ ಎಂಬ ಬಟನ್ ಒತ್ತಿದ. ಬಟನ್ ಕೆಲಸ ಮಾಡುತ್ತದೋ ಎಂದು ನೋಡಬೇಕಿತ್ತು. ಮಾಡಿತು.

ಮರುದಿನ ಗೊತ್ತಾಯಿತು, ಮೇಲಿನ ಸಾಲು ಸತ್ತವರ ಕಡೆಗೇ ಉಳಿದಿತ್ತು. ಇಬ್ಬರೂ ನಕ್ಕರು. ಸುಜಿತ್ ಸಾಲನ್ನು ಬದುಕಿದವರ ಕಡೆಗೆ ತಿರುಗಿಸಿ, ತನ್ನ ಹೆಸರನ್ನು ಅಲ್ಲಿಯೂ ಹಾಕಿದ. ಸತ್ತವರ ಕಡೆಯದ್ದನ್ನು ಆಮೇಲೆ ಅಳಿಸಿದರಾಯಿತು ಎಂದ.

ಅಷ್ಟರಲ್ಲಿ ಜಾಲತಾಣದಿಂದ ಕೂಳೂರಿಗೆ ಮೆಸೇಜು ಹೋಗಿತ್ತು. ಸಂಚಿತಾ ಅಂಬೆಗಾಲಿಡುವಾಗ ಮನೆಯ ಬಾವಿಗೆ ಬಿದ್ದು ಹೋದ ಮಗು. ಅವಳ ಅಪ್ಪ ಸುಂದರ ಶೆಟ್ರು ಆ ಶುಕ್ರವಾರ ಬಾಳೆಲೆಯಲ್ಲಿ ಬಡಿಸಿ, ಹಸಿರು ಗಾಜಿನ ಬಳೆ ಇಟ್ಟು, ಕೈಮುಗಿದು ಹೇಳಿದರು: “ಗಂಡು ಒಪ್ಪಿದ್ದಾನೆ ಮಗಳೇ. ಇನ್ನು ನೀನು ನಿನ್ನ ಮನೆಗೆ ಹೋಗು.”

ಅವಳು ಹೊರಟಳು.

ಅದೇ ದಿನ ಮುಸ್ಸಂಜೆ ಸುಜಿತ್, ಶುಕೂರ್ ಕೆಲಸ ಮುಗಿಸಿ ಕುಲಶೇಖರದ ಹಳೆಯ ಬಾವಿಯ ಪಕ್ಕ ನಡೆದು ಬರುತ್ತಿದ್ದರು. ಬಾವಿಯ ರಾಟೆಗೆ ಹಗ್ಗ ಇಲ್ಲ. ಆದರೂ... ಕಿರ್ರ್. ನಿಂತಿತು. ಮತ್ತೆ ಕಿರ್ರ್.

“ಗಾಳಿ,” ಎಂದ ಶುಕೂರ್. ಗಾಳಿ ಇರಲಿಲ್ಲ.

ಕೆಳಗೆ, ಕಲ್ಲಿಗೆ ಗಾಜು ತಾಗುವ ಸದ್ದು. ಛಿಲ್... ಛಿಲ್... ಮೇಲೆ ಬರುತ್ತಿತ್ತು.

“ಒಪ್ಪಿದ್ದು ನೀವೇ ಅಲ್ವಾ?” ಹೆಣ್ಣಿನ ಪಿಸುಮಾತು. ಬಹಳ ಮರ್ಯಾದೆಯ ಧ್ವನಿ.

ಸುಜಿತ್ ಉತ್ತರಿಸುವ ಮೊದಲೇ ಅವನ ಬಲಗೈಯನ್ನು ಏನೋ ಬಾವಿಯ ಕಡೆಗೆ ಎಳೆಯಿತು. ಕಟಕ್. ಮಣಿಕಟ್ಟು ಹಿಂದಕ್ಕೆ ಮಡಚಿತು. ಅವನು ಕಿರುಚಿದ. ಮುಖ ಬಾವಿಕಟ್ಟೆಗೆ ಬಡಿಯಿತು. ಮತ್ತೊಮ್ಮೆ. ಇನ್ನೊಮ್ಮೆ. ಹಲ್ಲು ಕಲ್ಲಿನ ಮೇಲೆ ಉದುರಿದ ಸದ್ದು, ಹುಣಸೆ ಬೀಜ ಚೆಲ್ಲಿದ ಹಾಗೆ. ಶುಕೂರ್ ಅವನ ಕಾಲು ತಬ್ಬಿ ಹಿಡಿದ. ಭುಜದ ಕೀಲು ಕಳಚಿ ತೋಳು ಉದ್ದವಾಗುತ್ತಾ ಹೋಯಿತು. ಎಳೆಯುವವರು ಯಾರೂ ಕಾಣಲಿಲ್ಲ.

“ಅಳಿಸು!” ರಕ್ತ ಉಗುಳುತ್ತಾ ಸುಜಿತ್ ಅರಚಿದ. “ಶುಕೂರೇ, ನನ್ನ ಹೆಸರು ಅಳಿಸು ಮಾರಾಯ!”

ಶುಕೂರ್ ಅವನ ಕಾಲುಗಳ ಮೇಲೆ ಕೂತು, ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು, ಮೊಬೈಲಿನ ನೆಟ್ ಕೊಟ್ಟು, ಅದೇ ಕಡತ ತೆರೆದ. ಸುಜಿತ್ ಎಂಬ ಹೆಸರಿನ ದಾಖಲೆ ಅಳಿಸು ಎಂದು ಬರೆದು ಎಂಟರ್ ಒತ್ತಿದ.

ಒಂದು ದಾಖಲೆ ಅಳಿಸಲಾಗಿದೆ ಎಂದಿತು ಪರದೆ.

ಕೈಯ ಎಳೆತ ಸಡಿಲವಾಯಿತು. ರಾಟೆ ನಿಂತಿತು. ಕೆಳಗಿನಿಂದ, ಸಮಾಧಾನವಾದ ಹಾಗೆ, “ಬರ್ತೇನೆ ಆಯ್ತಾ,” ಎಂದು ಕೇಳಿಸಿತು.

ಸುಜಿತ್‌ನನ್ನು ಅತ್ತಾವರದ ಒಂದು ಆಸ್ಪತ್ರೆಗೆ ಸೇರಿಸಿದರು. ಮೂರನೇ ಮಹಡಿ. ಎಕ್ಸ್‌ರೇಯಲ್ಲಿ ಮಣಿಕಟ್ಟಿನೊಳಗೆ ಬಳೆಚೂರುಗಳು ಕಂಡವು. ಅಲ್ಲಿಯ ಚರ್ಮ ಹರಿದಿರಲೇ ಇಲ್ಲ. ಡಾಕ್ಟರು ಎರಡನೇ ಸಲ ಎಕ್ಸ್‌ರೇ ತೆಗೆಸಿದರು. ಆಗಲೂ ಇದ್ದವು.

ಮಂಚದ ಪಕ್ಕ ಕೂತ ಶುಕೂರ್‌ಗೆ ಆಮೇಲೆ ನೆನಪಾಯಿತು. ಲ್ಯಾಪ್‌ಟಾಪ್ ತೆರೆದ. ಮೇಲಿನ ಸಾಲು ನೋಡಿದ. ಅದು ಬದುಕಿದವರ ಕಡೆಗಿತ್ತು. ಅವನು ಅಳಿಸಿದ್ದು ಬದುಕಿದವರ ನಡುವಿನ ಸುಜಿತ್‌ನನ್ನು. ಸತ್ತವರ ನಡುವಿನ ಸುಜಿತ್ ಒಪ್ಪಿಗೆ ಸಮೇತ ಹಾಗೆಯೇ ಇದ್ದ.

“ಎಂತ ಆಯ್ತು?” ಎಂದ ಸುಜಿತ್, ಊದಿದ ತುಟಿಯಲ್ಲಿ.

“ಎಂತ ಇಲ್ಲ. ಮಲಗು ನೀನು.”

ಶುಕೂರ್ ಸಾಲು ಬದಲಾಯಿಸಿದ. ಎಂಟರ್ ಒತ್ತಿದ. ಪರದೆಯ ಮೇಲೆ ಚಕ್ರ ಸುತ್ತತೊಡಗಿತು... ಸುತ್ತುತ್ತಲೇ ಇತ್ತು...

ಛಿಲ್.

ಸುಜಿತ್‌ನ ಗಂಟಲಲ್ಲಿ ಗಳಗಳ ಸದ್ದು. ಸೊಂಟ ಎದ್ದು ಮಂಚಕ್ಕೆ ಬಡಿಯಿತು. ಗ್ಲುಕೋಸಿನ ಕಂಬ ಉರುಳಿತು. ತಲೆ ಪಕ್ಕಕ್ಕೆ ತಿರುಗಿತು. ತಿರುಗಿ ನಿಲ್ಲಲಿಲ್ಲ. ಇನ್ನೂ ತಿರುಗಿತು. ಕತ್ತಿನೊಳಗೆ ಕಬ್ಬು ಮುರಿದ ಸದ್ದಾಯಿತು. ನರ್ಸ್ ಅಪೊಲೋನಿಯಾ ಓಡಿ ಬಂದು ಅವನ ದವಡೆ ಬಿಡಿಸಿದರೆ ಬಾಯಿಂದ ಪಾಚಿಯ ನೀರು ಬಂತು. ನೆಲವೆಲ್ಲ ಒದ್ದೆಯಾಗುವಷ್ಟು. ಪರದೆಯ ಮೇಲೆ ಸಂಪರ್ಕ ಸಾಧ್ಯವಾಗಲಿಲ್ಲ ಎಂದು ಬಂದಿತ್ತು.

ಸುಳ್ಳು ಎನ್ನುತ್ತೀರಿ. ಎನ್ನಿ. ಆ ನೆಲ ಒರೆಸಿದ ಬಟ್ಟೆಯನ್ನು ನಾನೇ ಮೂಸಿದ್ದೇನೆ. ಬಾವಿಯ ನೀರು ಯಾವುದು, ನಲ್ಲಿಯದು ಯಾವುದು ಎಂದು ತಿಳಿಯದಷ್ಟು ದಡ್ಡ ನಾನಲ್ಲ. ಇದು ನಡೆದದ್ದು.

ಜಲಜಾಕ್ಷಕ್ಕನ ದಾಖಲೆ ತಿದ್ದುವ ಅಗತ್ಯ ಬೀಳಲಿಲ್ಲ, ಸುಜಿತ್ ಈಗ ಇರಬೇಕಾದ ಕಡೆಯೇ ಇದ್ದ. ಈ ವರ್ಷ ಆಟಿಯಲ್ಲಿ ಕೂಳೂರಿನಲ್ಲಿ ಅವರಿಬ್ಬರ ಕುಲೆ ಮದುವೆ ಆಯಿತು. ಚಿಕ್ಕಮ್ಮ ಸೀರೆ ಒಯ್ದಿದ್ದರು. ನಾನೂ ಹೋಗಿದ್ದೆ. ಊಟಕ್ಕೆ ಕೋರಿ ರೊಟ್ಟಿ ಇತ್ತು.