ಸರಕಾರದ ಪೌಡರ್

...ಹಂಗಂತ ಸರಕಾರ ಏನೂ ಮಾಡಲಿಲ್ಲ ಅನಬ್ಯಾಡ್ರಿ ಮತ್ತ, ಮಾಡ್ತು, ಖರೇ ಹೇಳ್ತೀನಿ ಬೇಕಾದಷ್ಟು ಮಾಡ್ತು, ಆದ್ರ ನಡುವ ಒಂದು ಮಾತು ಬಿಟ್ಟುಹೋತು ನೋಡ್ರಿ. ನಿಜಾಮನ ಆಳ್ವಿಕಿ ಮುಗಿದು ಈಗಿನ ಸರಕಾರ ಆಗಷ್ಟೇ ಬಂದಿತ್ತು. ನಾವು ಗಬ್ಬೂರಾಗ ಇದ್ವಿ. ನಿಮ್ಮ ಮುತ್ಯಾ ಕುರಿ ಹೊಡಕೊಂಡು ಹೋದ್ರ ತಿಂಗಳಾನುಗಟ್ಲೆ ಬರ್ತಿದ್ದಿಲ್ಲ, ಹಿಂಡೆಲ್ಲಾ ಅವರ ಜೋಡಿ, ಮನ್ಯಾಗ ಹಾಲು ಕೊಡೋ ಒಂದು ಆಡೂ ಇದ್ದಿಲ್ಲ. ನಿಮ್ಮವ್ವಗ ಆಗ ಒಂದು ವರ್ಷ, ಅಲ್ಲಲ್ಲ, ಒಂದೂವರಿ. ನನ್ನ ಎದಿಹಾಲು ಬತ್ತಿತ್ತು. ಜೋಳದ ಅಂಬಲಿ ಬಿಟ್ರ ಬ್ಯಾರೆ ಇಲ್ಲ. ಕೂಸಿನ ಕೈಕಾಲು ಕಡ್ಡಿ, ಹೊಟ್ಟಿ ಮಾತ್ರ ಗಡಗಿ. ನಮ್ಮತ್ತಿ ದೃಷ್ಟಿ ತಗದ್ರು, ತಾಯತ ಕಟ್ಟಿದ್ರು, ಏನೂ ಆಗಲಿಲ್ಲ. ಈ ಕೂಸು ನನಗ ದಕ್ಕಂಗಿಲ್ಲ ಅಂತ ದಿನಾ ಅಳ್ತಿದ್ದೆ.

ಆವಾಗ ಊರಾಗ ಡಂಗುರ ಹೊಡದ್ರು. ‘ಬಡಕಲು ಕೂಸಿದ್ದವ್ರು ದೇವದುರ್ಗಕ್ಕ ಹೋಗ್ರೀ, ಸರಕಾರ ಪೌಡರ್ ಕೊಡ್ತದ!’ ಅಂತ. ದಿಲ್ಲಿಯಿಂದ ಹೈದರಾಬಾದಿಗೆ, ಅಲ್ಲಿಂದ ರಾಯಚೂರಿಗೆ, ರಾಯಚೂರಿಂದ ದೇವದುರ್ಗಕ್ಕ ಹುಕುಂ ಇಳದಿತ್ತಂತ. ಸಾಲಿಯಾಗ ತೂಕ, ತಹಶೀಲ ಕಚೇರಿಯಾಗ ಚೀಟಿ, ದವಾಖಾನ್ಯಾಗ ಪೌಡರ್. ಕೂಸಿನ್ನ ಬಗಲಾಗ ಇಟ್ಕೊಂಡು ನಡಕೊಂತ ಹೋದೆ. ಮಾಸ್ತರು ತಕ್ಕಡಿಯಾಗ ಕೂಡಿಸಿ, ‘ಭಾಳ ಕಮ್ಮಿ ಅದವ್ವಾ’ ಅಂದ್ರು. ಕಾರಕೂನ ತಲಿ ಎತ್ತದೇ ಚೀಟಿ ಬರದ. ಕಂಪೌಂಡರ ಪುಡಿ ಗಂಟುಕಟ್ಟಿ ಕೊಟ್ಟು, ‘ದಿನಾ ಎರಡು ಸಲ’ ಅಂದ. ಅಷ್ಟ! ಹ್ಯಾಂಗ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾಸ್ತರು ಹೇಳಿರ್ತಾರಂತ ಇವ, ಕಂಪೌಂಡರ ಹೇಳ್ತಾನಂತ ಅವರು.

ಕೇಳೋದೇನು, ಪೌಡರ್ ಅಂದ್ರ ನನಗ ಗೊತ್ತಿತ್ತಲ್ಲ! ನಮ್ಮೂರ ಗೌಡರ ಸೊಸಿ ರಾಯಚೂರಾಕಿ, ಮಾರಿಗೆ ಪೌಡರ್ ಬಡಕೊಂಡು ಕಟ್ಟಿ ಮ್ಯಾಲೆ ಕುಂದರ್ತಿದ್ಲು. ನಗ್ರಿ ನಗ್ರಿ, ನಗೋ ಮಾತೇ ಅದು. ದಿನಾ ಎರಡು ಸಲ ಕೂಸಿಗೆ ನೀರು ಎರದು ಮೈತುಂಬ ಹಚ್ಚಿದೆ. ನಮ್ಮತ್ತಿ ಓಣಿ ತುಂಬ ಹೇಳಿದ್ರು, ‘ನಮ್ಮ ಕೂಸಿಗೆ ದಿಲ್ಲಿ ಪೌಡರ್ ಬಂದದಬೇ!’ ಅಂತ. ಇರುವಿ ಬಂದ್ವು, ಝಾಡಿಸಿದೆ. ಕೂಸು ತನ್ನ ಕೈ ತಾನೇ ನೆಕ್ಕತಿತ್ತು. ನಾನು, ‘ಛೀ, ಪೌಡರ್ ತಿನಬಾರದು’ ಅಂತ ಬಾಯಾಗಿಂದ ಕೈ ಕಿತ್ತು ಒರಸ್ತಿದ್ದೆ. ಹಸದ ಕೂಸಿನ ಬಾಯಾಗಿಂದ, ಯಪ್ಪಾ...

ಮುಂದಿನ ವಾರ ಮತ್ತ ಹೋದಾಗ ತೂಕ ಇನ್ನಷ್ಟು ಇಳದಿತ್ತು. ಮಾನ್ವಿ ಕಡಿಯಾಕಿ ಒಬ್ಬಾಕಿ ನರ್ಸಮ್ಮ ಇದ್ಲು ದವಾಖಾನ್ಯಾಗ. ‘ಕುಡಿಸಿದ್ದೇನವ್ವಾ?’ ಅಂದ್ಲು. ‘ಕುಡಿಸೋದಾ? ಹಚ್ಚೇನ್ರೀ!’ ಅಂದೆ. ಕಂಪೌಂಡರ ನಕ್ಕ. ಆಕಿ ನಗಲಿಲ್ಲ. ನೀರು ಕಾಸಿ, ಪುಡಿ ಕಲಸಿ, ಮೊದಲ ನನಗೇ ಒಂದು ಗುಟುಕು ಕುಡಿಸಿದ್ಲು. ಹಾಲು! ಖರೇವಂದ್ರ ಹಾಲು! ಅಲ್ಲೇ ಕುಂತು ಎದಿ ಬಡಕೊಂಡು ಅತ್ತೆ. ಆಕಿ ನನ್ನ ಬೆನ್ನು ಸವರಿ ಎದ್ದು ಹೋಗಿ, ಮಾಸ್ತರನ್ನೂ ಕಾರಕೂನನ್ನೂ ಕರಕೊಂಡು ಬಂದ್ಲು. ‘ನಿಮ್ಮ ಮೂರು ಮಂದಿ ಬಾಗಲಾ ತಿರುಗಿ ಈಕಿ ಕೂಸು ಸಾಯಾಕತ್ತದ. ನಾಳಿಂದ ತಕ್ಕಡಿ, ಚೀಟಿ, ಡಬ್ಬಿ ಎಲ್ಲಾ ಈ ಪಡಸಾಲ್ಯಾಗ ಬರ್ಲಿ. ಕೂಸು ಕುಡಿಯೋತನಕ ಯಾರೂ ಏಳಬ್ಯಾಡ್ರಿ’ ಅಂದ್ಲು. ಅಂಥಾ ಕಾರಕೂನ ಮರುದಿನ ಚೀಟಿ ಹಿಡಕೊಂಡು ಪಡಸಾಲ್ಯಾಗ ಬಂದು ಕುಂತ! ನಾನು ಕೂಸಿನ್ನ ಕರಕೊಂಡು ದೇವದುರ್ಗದಾಗೇ ನಮ್ಮ ಸೋದರತ್ತಿ ಮನ್ಯಾಗ ಉಳಕೊಂಡೆ, ದಿನಾ ಹೋಗಿ ಕುಡಿಸಿದೆ. ಎರಡು ತಿಂಗಳಿಗೆ ನಿಮ್ಮವ್ವ ಗ್ವಾಡಿ ಹಿಡದು ನಿಂತ್ಲು.

ನೀವೂ ನಾಳೆ ದೊಡ್ಡ ದೊಡ್ಡ ನೌಕರಿ ಮಾಡ್ತೀರಿ. ಮಾಡ್ರಿ. ಆದ್ರ ಹಸದವ್ರಿಗೆ ಕೊಟ್ಟು ಕೈ ಝಾಡಿಸಿ ಬರಬ್ಯಾಡ್ರಿ. ಬಾಯಾಗ ಬಿದ್ದದ್ದು ನೋಡಿ ಏಳ್ರಿ.