ಸುಣ್ಣದ ನೀರಿನ ಡಾಕ್ಟ್ರು

ಒಳಕ್ಕೆ ಬರಾಕಿಲ್ಲ ಕಣಮ್ಮಿ, ಇಲ್ಲೇ ಜಗುಲಿ ಮ್ಯಾಲೆ ಕೂತ್ಕತೀನಿ... ನೀನು ಸೊಪ್ಪು ಸೋಸು, ಸೋಸು. ಅದೇ, ಅಂದ್ನಲ್ಲ, ನನ್ನ ಮಗಳು ಸಣ್ಣತಾಯಿಗೆ ಬೆಳಿಗ್ಗೆಯಿಂದ ನೋವು. ಚೊಚ್ಚಲು, ಇನ್ನೂ ಒತ್ತಯ್ತೆ. ನೀನು ಸುಮ್ನೆ ಬಂದು ಜೊತೇಲಿರು ಅಂತ ಅಷ್ಟೇ. ಯಾಕಂಗೆ ನೋಡೀಯೆ? ಚಿಕ್ಕಬೋರಮ್ಮಂಗೆ ಎರಿಗೆ ಮಾಡ್ಸಕ್ಕೆ ಬರಾಕಿಲ್ಲ ಅಂದ್ಕಂಡ್ಯಾ? ಪೂರಿಗಾಲೀಲಿ ಅರ್ಧ ಊರು ನನ್ನ ಕೈಲೇ ಬಿದ್ದಯ್ತೆ. ನೀನೂ ಸೇರಿ ಕಣೆ ಮಲ್ಲಿಗಿ!

ಕೈಯಾ? ಚಳಿ, ಅದ್ಕೇ ಸೆರಗೊಳಗೆ ಇಕ್ಕಂಡಿವ್ನಿ... ನಗ್ಬ್ಯಾಡ.

ನಿಂಗೆ ಈ ಕೆಲ್ಸ ಕಲಿಸ್ದೋಳು ಯಾರು? ನಾನು! ಮಗು ಅಡ್ಡ ತಿರುಗುದ್ರೆ ಒಟ್ಟೆ ಎಂಗೆ ನೀವ್ಬೇಕು ಅಂತ ತೋರ್ಸಿದ್ದು ಯಾರು? ನಾನು! ನೀನು ಮೂರು ತಿಂಗ್ಳು ಮಳವಳ್ಳಿ ಆಸ್ಪತ್ರೇಲಿ ಆ ದೊರೆಸಾನಿ ಡಾಕ್ಟ್ರಮ್ಮನ ತಾವು ಪಾಟ ಕಲ್ತು ಬಂದೆ ನೋಡು, ಅವತ್ತಿಂದ ಎಲ್ರ ಬಾಯಲ್ಲೂ ಮಲ್ಲಿಗಮ್ಮ, ಮಲ್ಲಿಗಮ್ಮ! ಒಂದು ತಗಡಿನ ಪೆಟ್ಟಿಗೆ, ಒಂದು ಸೋಪು, ಬಿಳೀ ಸೀರೆ... ಒಟ್ಟೆ ಉರೀತು ಕಣೆ. ಇಲ್ಲ ಅನ್ನಾಕಿಲ್ಲ.

ಬಾವಿಕಟ್ಟೇಲಿ ನೀನು ಯೋಳ್ದ ಆ ಕತೆ ಬ್ಯಾರೆ! ಸೀಮೆ ಕಡೆ ಯಾವನೋ ಡಾಕ್ಟ್ರು, ನಮ್ಮಜ್ಜನ ಕಾಲ್ದೋನು, ಕಲಿಯೋ ಉಡುಗ್ರಿಗೆ ಮೇಷ್ಟ್ರೂ ಅವ್ನೇ ಅಂತೆ. ಅವನ ಆಸ್ಪತ್ರೇಲಿ ಬಾಣಂತೀರು ಜ್ವರ ಬಂದು ಒಬ್ಬಳಿಂದೆ ಒಬ್ಬಳು ಸಾಯೋರಂತೆ. ಡಾಕ್ಟ್ರುಗ್ಳು, ಉಡುಗ್ರು ಎಣ ಕುಯ್ದ ಕೈಲೇ ಬಸುರೀರ್ನ ಮುಟ್ತಾವ್ರೆ, ಅದ್ಕೇ ಇಂಗೆ ಅಂದ್ನಂತೆ. ಸುಣ್ಣದ ನೀರಲ್ಲಿ ಕೈ ತೊಳ್ಸುದ್ನಂತೆ, ಸಾವು ಕಮ್ಮಿ ಆಯ್ತಂತೆ. ಆದ್ರೂ ದೊಡ್ಡ ಡಾಕ್ಟ್ರುಗ್ಳು ಒಪ್ಪಿದ್ರಾ? ನಮ್ಮ ಕೈ ಕೊಳೆಯಾ ಅಂತ ರೇಗುದ್ರಂತೆ. ಕೊನೆಗೆ ತಲೆ ಕೆಟ್ಟೋರ ಆಸ್ಪತ್ರೇಲಿ ಸತ್ನಂತೆ, ಪಾಪ.

ಅದ್ರಲ್ಲೇ ಇನ್ನೊಂದು ಮಾತು ಅಂದ್ಯಲ್ಲ! ಸೂಲಗಿತ್ತೀರು ನೋಡ್ತಿದ್ದ ಕಡೆ ಅಷ್ಟು ಸಾವಿರ್ಲಿಲ್ಲ ಅಂತ! ಯಾಕೆ? ನಾವು ಎಣ ಕುಯ್ಯಾಕಿಲ್ಲ. ಮುಟ್ಟುದ್ರೂ ತಲೆಗೆ ನೀರುಯ್ಕಳ್ದೆ ಇನ್ನೊಬ್ರ ಬಾಗ್ಲು ತುಳಿತೀವಾ? ಯೋಳು...

ಯಾಕೆ ಕೈ ನಿಲ್ಸಿದೆ?

ನಾಗಯ್ಯನ ಸೊಸೆ ವಿಸ್ಯನಾ? ಅದು ಅವಳ ಅಣೆಬರ. ಎತ್ತ ಐದ್ನೇ ದಿನಕ್ಕೆ ತೀರ್ಕಂಡ್ಲು. ಗಾಳಿ ಸೋಕಿರ್ಬೇಕು... ಅವತ್ತು ಅವಳ ಎರಿಗೆಗೆ ಎಲ್ಲಿಂದ ಓದೆ ಅಂತ ನಂಗೆ ನೆಪ್ಪಿಲ್ಲ.

ನನ್ನ ತಲೆ ಯಾಕೆ ನೋಡೀಯೆ? ಬೈದಾದ್ರೂ ಬೈಯಿ!

...ಗೊತ್ತು. ನೀನು ದಾರೀಲಿ ಎದ್ರಿಗೆ ಸಿಕ್ಕಿದ್ದೆ. ನನ್ನ ಒಣತಲೆ ನೋಡ್ದೆ.

ಕರಿಯಪ್ಪನ ಅವ್ವನ ಎಣ ತೊಳೀತಿದ್ದೆ ಕಣಮ್ಮಿ. ಕೊಳೆತ ಕಾಲು, ಈ ಕೈಲೇ ಉಜ್ದೆ. ಆಗ ಯಾರೋ ಅಂದ್ರು, ನಾಗಯ್ಯನ ಸೊಸೆಗೆ ನೋವು ಬಂದಯ್ತೆ, ಮಲ್ಲಿಗಮ್ಮನ ಕರೆಯಕ್ಕೆ ಓಯ್ತಾವ್ರೆ ಅಂತ. ಮಲ್ಲಿಗಮ್ಮನ! ಮನೆಗೋಗಿ ಮಿಂದು ಬರೋ ಒತ್ಗೆ ನೀನು ಸೇರ್ಕಂಡಿರ್ತೀಯ... ಸೆರಗಲ್ಲಿ ಕೈ ಒರಸ್ಕಂಡು ಓಡ್ದೆ. ಮೀಯ್ಲಿಲ್ಲ. ನೀನು ಗೊತ್ತಿದ್ದೂ ಊರಲ್ಲಿ ಯಾರ್ಗೂ ಯೋಳ್ಲಿಲ್ಲ. ಅದ್ಕೂ ಒಟ್ಟೆ ಉರೀತು, ಗೊತ್ತಾ?

ತಗೋ, ನೋಡು ಕೈಯ. ಬೆಳಿಗ್ಗೆಯಿಂದ ಮೂರು ಸಲ ಮಿಂದಿವ್ನಿ. ಸುಣ್ಣದ ನೀರಲ್ಲಿ ಅದ್ದಿ ಅದ್ದಿ ಚರ್ಮ ಕಿತ್ತೋಗಯ್ತೆ. ಆದ್ರೂ ಸಣ್ಣತಾಯಿನ ಮುಟ್ಟಕ್ಕಾಯ್ತಿಲ್ಲ ಕಣೆ. "ಅವ್ವಾ, ಬಾರವ್ವಾ" ಅಂತ ಕೂಗ್ತಾವ್ಳೆ, ನಾನು ಬಾಗ್ಲಲ್ಲೇ ನಿಂತಿದ್ದು ಇಲ್ಲಿಗೆ ಬಂದೆ.

ಸೊಪ್ಪು ಆಮ್ಯಾಕೆ ಸೋಸ್ಕಳುವಂತೆ. ಪೆಟ್ಟಿಗೆ ಎತ್ಕೋ, ಮಲ್ಲಿಗಮ್ಮ.